ಓಮಿನೆಯ ಕಣ್ಣು

ನನ್ನ ತಮ್ಮ ಸೋಹೆಯ್ ತೀರಿಕೊಂಡ ಸುದ್ದಿ ಊರಿಗೆ ತಿಳಿದದ್ದು ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಬೆಳಗಿನ ಹತ್ತು ಗಂಟೆಗೆ. ನನಗೆ ಅದಕ್ಕಿಂತ ಸ್ವಲ್ಪ ಮೊದಲು ತಿಳಿಯಿತು. ಚಹದಲ್ಲಿ ಬೇಯಿಸಿದ ಗಂಜಿ ಆರುತ್ತಿದೆ ಎಂದು ಎರಡು ಸಲ ಕೂಗಿದೆ. ಮೂರನೆಯ ಸಲ ಕೂಗದೆ ಎದ್ದುಹೋಗಿ ನೋಡಿದೆ. ಚಿತ್ರ ಬರೆಯುವ ಮೇಜಿನ ಮೇಲೆ ಎಡಗೆನ್ನೆ ಇಟ್ಟು ಒರಗಿದ್ದ. ಕೈಯ ಪಕ್ಕದಲ್ಲಿ ತೊಳೆದು ಒರೆಸಿದ ಲೇಖನಿ ಇತ್ತು. ಮೈ ತಣ್ಣಗಾಗಿತ್ತು. ನನ್ನ ಹೆಗಲಿನ ಶಾಲನ್ನು ತೆಗೆದು ಅವನಿಗೆ ಹೊದಿಸಿದೆ. ಸತ್ತವರಿಗೆ ಚಳಿಯಾಗುವುದಿಲ್ಲ ಎಂಬುದು ಎಪ್ಪತ್ತೆಂಟು ವರ್ಷದ ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೂ ಹೊದಿಸಿದೆ.

ಅಷ್ಟರಲ್ಲಿ ಫೋನು ರಿಂಗಾಯಿತು. ತೋಕಿಯೋದಿಂದ ಸಂಪಾದಕ ತ್ಸುರುಮಾಕಿ.

"ಅಕ್ಕಾವ್ರೇ, ನಮಸ್ಕಾರ. ಮೇಷ್ಟ್ರು ಎದ್ರಾ? ಕೊನೇ ಪುಟದ ಕಣ್ಣು ಆಯ್ತಾ?"

"ಮೇಷ್ಟ್ರು ಹೋಗಿಬಿಟ್ರು ಕಣಪ್ಪಾ."

"ಎಲ್ಲಿಗೆ? ಯಾವ ಬಿಸಿನೀರಿನ ಬುಗ್ಗೆ ಊರಿಗೆ? ಹೇಳಿ ಅಕ್ಕಾವ್ರೇ, ನಾನು ಬೈಯಲ್ಲ. ಪುಟ ಕೊಡೋ ದಿನ ಓಡಿಹೋಗೋದು ಎಲ್ಲರೂ ಮಾಡ್ತಾರೆ."

"ಸತ್ತುಹೋದ, ತ್ಸುರುಮಾಕಿ."

ಅವನು ಅತ್ತ. ಹನ್ನೊಂದು ವರ್ಷ ನನ್ನ ತಮ್ಮನ ಜೊತೆ ದುಡಿದವನು. ಆ ಅಳು ಸುಳ್ಳಲ್ಲ. ಮೂಗು ಒರೆಸಿಕೊಂಡು, "ಹಾಗಾದ್ರೆ ಆ ಕಣ್ಣು..." ಎಂದ. ಬರೆದಿಲ್ಲ ಎಂದೆ. ಅವನು ಮತ್ತೆ ಅತ್ತ. ಎರಡನೆಯ ಅಳು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಅದೂ ಸುಳ್ಳಲ್ಲ.

ಸೋಹೆಯ್ ಮಿಕುರಿಯ ಎಂದರೆ ಈ ದೇಶದಲ್ಲಿ ನಲವತ್ತು ದಾಟಿದವರೆಲ್ಲ ಒಮ್ಮೆ ಹಿಂದೆ ತಿರುಗಿ ನೋಡಿಕೊಳ್ಳುತ್ತಾರೆ. ಮೂವತ್ತಾರು ವರ್ಷ ಅವನು ಪತ್ರಿಕೆಯೊಂದಕ್ಕೆ ಓಮಿನೆ ಎಂಬ ದೆವ್ವದ ಕಥೆಯನ್ನು ಚಿತ್ರಗಳಲ್ಲಿ ಬರೆದ. ಓಮಿನೆ ದೋಣಿ ಕಾಯುತ್ತ ಕಾಯುತ್ತ ಕಟ್ಟೆಯಿಂದ ಜಾರಿ ಸಮುದ್ರಕ್ಕೆ ಬಿದ್ದು ಸತ್ತ ಹುಡುಗಿ. ದಾರಿಯಲ್ಲಿ ಸಿಕ್ಕವರನ್ನೆಲ್ಲ "ದೋಣಿ ಬಂತಾ?" ಎಂದು ಕೇಳುತ್ತಾಳೆ. ಉತ್ತರ ಕೊಟ್ಟವರು ಏಳು ದಿನದಲ್ಲಿ ಸಾಯುತ್ತಾರೆ. ಕೊಡದವರು ಎಂಟನೆಯ ದಿನ ಸಾಯುತ್ತಾರೆ. ನನ್ನ ತಮ್ಮ ನ್ಯಾಯವಂತ. ಯಾರಿಗೂ ಪಕ್ಷಪಾತ ಮಾಡುತ್ತಿರಲಿಲ್ಲ.

ಅವನು ಮಾತ್ರ ಮಹಾ ಪುಕ್ಕಲ. ಚಿಟ್ಟೆ ಒಳಗೆ ಬಂದರೆ ಮೇಜಿನ ಕೆಳಗೆ ಹೋಗುತ್ತಿದ್ದ. ಅರವತ್ತನೆಯ ವಯಸ್ಸಿನಲ್ಲೂ ನಾನು ಬಚ್ಚಲ ಬಾಗಿಲ ಹೊರಗೆ ನಿಂತು, "ಇದ್ದೀನಿ ಕಣೋ, ಇದ್ದೀನಿ" ಎನ್ನುತ್ತಿರಬೇಕಾಗಿತ್ತು. "ಅಷ್ಟು ಹೆದರೋನು ಯಾಕೋ ಇಂಥದ್ದು ಬರೀತೀಯ?" ಎಂದು ಕೇಳಿದರೆ, "ಹೆದರದೇ ಇರೋರು ಬರೆದ್ರೆ ಯಾರಕ್ಕಾ ಹೆದರ್ತಾರೆ?" ಎನ್ನುತ್ತಿದ್ದ.

ನನ್ನ ಗಂಡ ತೀರಿಹೋದ ಮೇಲೆ ನಾನು ತಮ್ಮನ ಮನೆ ಸೇರಿದೆ. ಅಡಿಗೆ ಮಾಡಿದೆ, ಓಮಿನೆಯ ಕೂದಲು ಬರೆದೆ. ಮುಖ ಅವನದು, ಮಳೆ, ಸಮುದ್ರ, ಕೂದಲು ನನ್ನವು. ಒದ್ದೆ ಕೂದಲನ್ನು ಕುಂಚದ ತುದಿಯಿಂದ ಒಂದೊಂದಾಗಿ ಎಳೆಯಬೇಕು. ಒಂದು ಪುಟಕ್ಕೆ ಸಾವಿರಕ್ಕೂ ಮೇಲೆ. ಸುಮ್ಮನೆ ಎಳೆಯುವುದೇಕೆಂದು ಒಂದೊಂದು ಕೂದಲಿಗೆ ಒಂದೊಂದು ಸಲ ಅಮಿದ ಬುದ್ಧನ ನಾಮ ಹೇಳುತ್ತಿದ್ದೆ. ಎರಡು ತಲೆಮಾರಿನ ಮಕ್ಕಳು ಹೆದರಿ ಹಾಸಿಗೆ ಒದ್ದೆ ಮಾಡಿಕೊಂಡದ್ದು ನನ್ನ ಜಪವನ್ನು ನೋಡಿ.

ಕಣ್ಣನ್ನು ಮಾತ್ರ ಅವನು ನನಗೆ ಮುಟ್ಟಲು ಕೊಡುತ್ತಿರಲಿಲ್ಲ. ಎಲ್ಲ ಪುಟಗಳನ್ನೂ ಕಣ್ಣಿಲ್ಲದೆ ಮುಗಿಸಿ, ಕೊನೆಯ ದಿನ ಕೈ ತೊಳೆದುಕೊಂಡು ಕುಳಿತು ಎಲ್ಲ ಕಣ್ಣುಗಳನ್ನೂ ಒಟ್ಟಿಗೆ ಬರೆಯುತ್ತಿದ್ದ. ಓಮಿನೆಯ ಕಣ್ಣು ದೊಡ್ಡದು. ರೆಪ್ಪೆ ಬಡಿಯುವುದಿಲ್ಲ. ಮೂವತ್ತಾರು ವರ್ಷದಲ್ಲಿ ಅವಳು ಒಮ್ಮೆಯೂ ಕಣ್ಣು ಮುಚ್ಚಲಿಲ್ಲ.

ಅವನಿಗೆ ಅದೇ ಸಂಕಟವಾಗಿತ್ತು. "ಅವಳಿಗೆ ಒಂದು ದೋಣಿ ಕೊಡೋಣ ಅಕ್ಕ, ನಿದ್ದೆ ಮಾಡ್ಲಿ," ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ. ಪ್ರಕಾಶಕರು ಬಿಡಲಿಲ್ಲ. ಸಿನಿಮಾ ಬರಲಿ ಎಂದರು. ಸಿನಿಮಾ ಬಂತು. ಇಪ್ಪತ್ತೈದನೆಯ ವರ್ಷದ ಹಬ್ಬ ಆಗಲಿ ಎಂದರು. ಅದೂ ಆಯಿತು. ಆಮೇಲೆ ಕಣ್ಣಿಗೆ ಬಿಡುವ ಔಷಧಿಯ ಒಂದು ಕಂಪನಿ ಓಮಿನೆಯ ಮುಖವನ್ನು ಜಾಹೀರಾತಿಗೆ ತೆಗೆದುಕೊಂಡಿತು. ರೈಲ್ವೆ ನಿಲ್ದಾಣಗಳಲ್ಲೆಲ್ಲ ಆ ಮುಖ, ಕೆಳಗೆ "ರೆಪ್ಪೆ ಬಡಿಯದೆ ಮೂವತ್ತು ವರ್ಷ. ನಿಮ್ಮ ಕಣ್ಣೂ ಒಣಗಿದೆಯೆ?" ಎಂಬ ಸಾಲು. ಅಲ್ಲಿಂದ ಮುಂದೆ ಓಮಿನೆಯ ಮುಕ್ತಿಯ ಮಾತು ಎತ್ತಿದರೆ ತ್ಸುರುಮಾಕಿ ಕೆಮ್ಮುತ್ತಿದ್ದ.

ಕೊನೆಗೆ ತಮ್ಮನ ಹೃದಯದ ಕಾಯಿಲೆ ಜೋರಾದಾಗ ಒಪ್ಪಿದರು. ಕಥೆಗೆ "ಮುಕ್ತಾಯ, ಮೊದಲನೆಯ ಭಾಗ" ಎಂದು ಹೆಸರಿಟ್ಟರು. ಎರಡನೆಯ ಭಾಗ ಅವನ ಮನಸ್ಸಿನಲ್ಲಿರಲಿಲ್ಲ. ಇಪ್ಪತ್ತನಾಲ್ಕು ಪುಟ ಬರೆದ. ಇಪ್ಪತ್ತಮೂರಕ್ಕೆ ಕಣ್ಣನ್ನೂ ಬರೆದ. ಕೊನೆಯ ಪುಟದಲ್ಲಿ ಓಮಿನೆ ದೋಣಿಯಲ್ಲಿ ಮಲಗಿದ್ದಾಳೆ. ಅದರ ಕೂದಲನ್ನು ನಾನು ಎರಡು ದಿನ ಬರೆದಿದ್ದೆ. ಸೋಮವಾರ ಸಂಜೆ ಉಣ್ಣುವಾಗ, "ನಾಳೆ ಅವಳ ಕಣ್ಣು ಮುಚ್ಚಿಸ್ತೀನಿ ಅಕ್ಕ. ಇವತ್ತು ಕೈ ನಡುಗ್ತಿದೆ," ಎಂದ. ಆ ನಾಳೆ ಅವನಿಗೆ ಬರಲಿಲ್ಲ. ಮೂಗು, ತುಟಿ, ಗಲ್ಲ ಎಲ್ಲ ಇದ್ದು, ಕಣ್ಣಿನ ಜಾಗದಲ್ಲಿ ಬಿಳಿಯ ಕಾಗದವಿದ್ದ ಆ ಪುಟ ನನ್ನ ಪಾಲಿಗೆ ಉಳಿಯಿತು.

ಶವಸಂಸ್ಕಾರಕ್ಕೆ ಇನ್ನೂರು ಜನ ಬಂದರು. ಅರ್ಧಕ್ಕರ್ಧ ಓಮಿನೆಯ ಹಾಗೆ ಕೂದಲು ಕೆದರಿಕೊಂಡು ಬಂದ ಅಭಿಮಾನಿಗಳು. ಪ್ರಚಾರ ವಿಭಾಗದವರು ಹೂವಿನ ನಡುವೆ ಅವನ ಫೋಟೋ ಬದಲು ಓಮಿನೆಯ ಚಿತ್ರ ಇಡೋಣವೇ ಎಂದು ಕೇಳಿದರು. "ಸತ್ತಿರೋದು ಅವನು. ಅವಳು ಮೊದಲೇ ಸತ್ತಿದ್ದಾಳೆ," ಎಂದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು; ಎರಡು ದಿನದ ಮೇಲೆ ಪೋಸ್ಟರಿನಲ್ಲಿ ನೋಡಿದೆ.

ನಮ್ಮ ಹಮಾಸೆ ಊರಿನ ಪುರಸಭೆಯ ಅಧ್ಯಕ್ಷರೂ ಬಂದು, "ಮಿಕುರಿಯ ನಮ್ಮ ಊರಿನ ಹೆಮ್ಮೆ" ಎಂದು ಭಾಷಣ ಮಾಡಿದರು. ಅವರ ತಾಯಿ ನಮ್ಮ ಮಹಿಳಾ ಸಂಘದ ಮುಂದಾಳಾಗಿದ್ದಾಗ ನಿಲ್ದಾಣದ ಮುಂದೆ ಒಂದು ಬಿಳಿಯ ಪೆಟ್ಟಿಗೆ ಇಡಿಸಿದ್ದರು. ಮಕ್ಕಳ ಕೈಯಿಂದ ಕೆಟ್ಟ ಪುಸ್ತಕಗಳನ್ನು ಕಿತ್ತು ಅದರಲ್ಲಿ ಹಾಕಬೇಕು. ಸರದಿಯ ಪ್ರಕಾರ ನಾನೂ ಗುರುವಾರ ಗುರುವಾರ ಅದನ್ನು ಕಾದಿದ್ದೇನೆ. ತುಂಬಿದ್ದೆಲ್ಲ ನನ್ನ ತಮ್ಮನ ಪುಸ್ತಕಗಳೇ. ಆ ಪೆಟ್ಟಿಗೆಯ ಕಾಲ ಹೋಗಿ, ಈಗ ಪುರಸಭೆಯವರು ಓಮಿನೆಯನ್ನು ಊರಿನ ಗುರುತಿನ ಬೊಂಬೆಯನ್ನಾಗಿ ಮಾಡಿದ್ದರು. ಮನುಷ್ಯ ಒಳಗೆ ಹೊಕ್ಕು ಕುಣಿಯುವಂಥ ದಪ್ಪ ಹತ್ತಿಯ ವೇಷ. ಕೆನ್ನೆ ಗುಂಡಗೆ, ಕೈಯಲ್ಲಿ ಕಿತ್ತಳೆ ಹಣ್ಣು, ತಟ್ಟೆಯಷ್ಟು ಕಣ್ಣು.

ಮೂವತ್ತೈದನೆಯ ದಿನ ತ್ಸುರುಮಾಕಿ ಸಿಹಿ ಹುರುಳಿಯ ಕಡುಬಿನ ಪೆಟ್ಟಿಗೆ ಹಿಡಿದು ಬಂದ. ತಮ್ಮನ ಫೋಟೋಗೆ ಧೂಪ ಹಚ್ಚಿ, ತಲೆ ಬಗ್ಗಿಸಿ ಕುಳಿತು, ಎತ್ತದೆಯೇ ಮಾತು ತೆಗೆದ.

"ಅಕ್ಕಾವ್ರೇ, ಕೊನೇ ಪುಟಕ್ಕೆ ಕಣ್ಣು ಹಾಕಿಸ್ತೀವಿ."

"ಯಾರು ಹಾಕ್ತಾರಪ್ಪ?"

"ಮಶಿನ್. ಮೇಷ್ಟ್ರು ಬರೆದ ಹನ್ನೊಂದು ಸಾವಿರ ಜೋಡಿ ಕಣ್ಣನ್ನೂ ಕಂಪ್ಯೂಟರಿಗೆ ಕಲಿಸಿದ್ದೀವಿ. ಮೇಷ್ಟ್ರಿಗಿಂತ ಚೆನ್ನಾಗಿ ಬರಿಯುತ್ತೆ... ಅಂದ್ರೆ, ಮೇಷ್ಟ್ರಷ್ಟೇ."

"ಮುಚ್ಚಿದ ಕಣ್ಣು ತಾನೇ?"

ಅವನು ಕೆಮ್ಮಿದ.

"ತೆರೆದಿದ್ರೆ ಎರಡನೇ ಭಾಗ ಮಾಡಬಹುದು ಅಂತ ಮೇಲಿನೋರು ಹೇಳ್ತಾರೆ. ಕಣ್ಣಿನ ಔಷಧಿಯೋರ ಒಪ್ಪಂದ ಇನ್ನೂ ನಾಲ್ಕು ವರ್ಷ ಇದೆ. ಈಗಲೇ ಮುಚ್ಚಿಬಿಟ್ರೆ..."

"ಅವಳು ಮಲಗ್ಲಿ ಅಂತ ಅವನು ಇಪ್ಪತ್ತು ವರ್ಷ ನಿಮ್ಮನ್ನ ಬೇಡಿದ. ನಿನ್ನ ಎದುರಿಗೂ ಬೇಡಿದ್ದಾನೆ."

"ಗೊತ್ತು ಅಕ್ಕಾವ್ರೇ. ನನಗೂ ಬೇಜಾರೇ. ಒಂದು ಸಲ ಕದ್ದು ಮಶಿನ್‌ಗೇ ಹೇಳಿದೆ, ಮುಚ್ಚಿದ ಕಣ್ಣು ಬರಿ ಅಂತ. ಬರೀಲಿಲ್ಲ. ಇನ್ನೂ ದೊಡ್ಡದಾಗಿ ತೆರೆಯಿತು. ಅದು ಓಮಿನೆ ಕಣ್ಣು ಮುಚ್ಚಿದ್ದನ್ನ ನೋಡೇ ಇಲ್ಲವಲ್ಲ!"

ಮೂಲ ಪುಟ ಪ್ರಕಾಶಕರ ಸ್ವತ್ತು ಎಂದು ತಮ್ಮನೇ ಎಂದೋ ಬರೆದುಕೊಟ್ಟಿದ್ದ. ನಾನು ಒಂದೇ ಒಂದು ಕೇಳಿಕೊಂಡೆ. ನಲವತ್ತೊಂಬತ್ತು ದಿನ ತುಂಬಿ ಅವನ ಆತ್ಮ ದಾಟುವವರೆಗೆ ಆ ಪುಟ ಅವನ ಮುಂದೆ ಇರಲಿ, ಅಂದು ಮಠದಲ್ಲಿ ಪೂಜೆಯಾದ ಮೇಲೆ ಕೊಂಡೊಯ್ಯಿರಿ ಎಂದೆ. ತ್ಸುರುಮಾಕಿ ಒಪ್ಪಿದ. ನೆನಪಿನ ಸಂಚಿಕೆ ಅಚ್ಚಿಗೆ ಹೋಗುವುದು ಅಂದೇ ಮಧ್ಯಾಹ್ನ ಮೂರಕ್ಕೆ. ಮಠದಿಂದಲೇ ಪುಟವನ್ನು ತೋಕಿಯೋಗೆ ಕಳಿಸುವ ಯಂತ್ರ ತರುತ್ತೇನೆ ಎಂದ. ಅವನು ಹೋದ ಮೇಲೆ ನಾನು ತಮ್ಮನ ಫೋಟೋದ ಮುಂದೆ ಕುಳಿತೆ. ಅವನು ಜೀವಮಾನದಲ್ಲಿ ನನ್ನಿಂದ ಕೇಳಿದ್ದು ಎರಡೇ: ಬಾಗಿಲ ಹೊರಗೆ ನಿಂತಿರು, ಕೂದಲು ಬರಿ. ಮೂರನೆಯದನ್ನು ಅವನು ಕೇಳದೆಯೇ ನಾನು ಮಾಡಬೇಕಾಗಿತ್ತು, ಮಾಡಲು ದಾರಿ ಇರಲಿಲ್ಲ.

ವಾರದ ಮೇಲೆ ಪುರಸಭೆಯ ಗುಮಾಸ್ತ ನಿಶಿಮೊರಿ ಬಂದ. ಬೇರೆ ಊರಿನವನು, ಐವತ್ತರ ಬ್ರಹ್ಮಚಾರಿ, ಚಳಿಯಲ್ಲೂ ಬೆವರುತ್ತಿದ್ದ.

"ಅಜ್ಜೀ, ನಲವತ್ತೊಂಬತ್ತನೇ ದಿನಾನೇ ನಮ್ಮ ಓಮಿನೆ ಬೊಂಬೇಗೂ ಪೂಜೆ ಮಾಡಿಸಿ ಉದ್ಘಾಟನೆ ಮಾಡೋಣ ಅಂತ ಅಧ್ಯಕ್ಷರು ಹೇಳಿದ್ರು. ಟೀವಿಯೋರು ಒಂದೇ ಸಲ ಬಂದುಹೋಗ್ತಾರೆ. ಮಠದ ಅರ್ಜಿ ತಂದಿದ್ದೀನಿ. ಇದರಲ್ಲಿ ಸಮಾಧಿಗೆ ಒಂದು ಪೂಜೆ, ಮನೆಗೆ ಒಂದು, ಬೊಂಬೆಗೆ ಒಂದು ಅಂತ ಇದೆ. ನಮಗೆ ಬೊಂಬೇದೇ ತಾನೇ?"

"ಬೊಂಬೆಗೆ ಅಂತ ನಮ್ಮ ಮಠದಲ್ಲಿ ಇರೋದು ಅದೊಂದೇ ಕಣಪ್ಪ."

"ಹಾಗಾದ್ರೆ ಮೇಷ್ಟ್ರ ಕೊನೇ ಪುಟಾನೂ ಇದರಲ್ಲೇ ಸೇರಿಸ್ಲಾ? ಬೇರೆ ಅರ್ಜಿ ಅಂದ್ರೆ ಬೇರೆ ಮೊಹರು. ಮೂರು ಮೇಜು ಸುತ್ತಬೇಕು."

"ಸೇರಿಸಪ್ಪ."

ಅವನು ಸಂತೋಷದಿಂದ ಮೊಹರು ಒತ್ತಿದ. ಮನೆಯಲ್ಲಿ ಹೆಣ್ಣುಮಕ್ಕಳಿದ್ದವರಿಗೆ ಆ ಪೂಜೆ ಏನೆಂದು ಗೊತ್ತು. ಮಗಳು ದೊಡ್ಡವಳಾಗಿ ಹಳೆಯ ಬೊಂಬೆಗಳು ಬೇಡವಾದಾಗ ಅವನ್ನು ಹಾಗೆಯೇ ಎಸೆಯುವುದಿಲ್ಲ, ಮಠಕ್ಕೆ ಒಯ್ಯುತ್ತೇವೆ. ಸ್ವಾಮಿಗಳು ಮಂತ್ರ ಹೇಳಿ ಅವುಗಳ ಕಣ್ಣು ಮುಚ್ಚಿಸಿ, ಒಳಗಿನ ಜೀವವನ್ನು ಬೀಳ್ಕೊಟ್ಟು, ಆಮೇಲೆ ಬೊಂಬೆಗಳನ್ನು ಸುಡುತ್ತಾರೆ. ಕಣ್ಣು ತೆರೆಸುವ ಪೂಜೆ ಹೊಸ ಸಮಾಧಿಗೆ, ಮನೆಗೆ ತಂದ ಹೊಸ ಬುದ್ಧನ ಮೂರ್ತಿಗೆ ಮಾತ್ರ, ಬೊಂಬೆಗಿಲ್ಲ. ನಿಶಿಮೊರಿ ಕೇಳಿದ್ದಕ್ಕೆ ನಾನು ನಿಜವನ್ನೇ ಹೇಳಿದೆ. ಕೇಳದೆ ಇದ್ದದ್ದನ್ನು ಹೇಳಲಿಲ್ಲ.

ನಲವತ್ತೊಂಬತ್ತನೆಯ ದಿನ ಬಿಸಿಲು ಚೆನ್ನಾಗಿತ್ತು. ಮಠದ ದೊಡ್ಡ ಹಜಾರದಲ್ಲಿ ತಮ್ಮನ ಹೆಸರಿನ ಹಲಗೆ, ಅದರ ಮುಂದೆ ಆ ಪುಟ, ಪುಟದ ಮೇಲೆ ಅವನ ಲೇಖನಿ ಮತ್ತು ಶಾಯಿ. ಪಕ್ಕದಲ್ಲಿ ಓಮಿನೆ ಬೊಂಬೆ. ಒಳಗೆ ನಿಶಿಮೊರಿಯೇ ಇದ್ದ. ಬೇರೆ ಯಾರೂ ಒಪ್ಪಿರಲಿಲ್ಲ. ಎಂಜೊ ಸ್ವಾಮಿಗಳು ಎಂಬತ್ತು ದಾಟಿದವರು. ಪೀಠ ಏರುವ ಮೊದಲು ನನ್ನನ್ನು ಕಂಬದ ಮರೆಗೆ ಕರೆದರು.

"ಕಿನುಯೆ, ಅರ್ಜಿ ನೋಡ್ದೆ. ಇದು ಮುಚ್ಚೋ ಪೂಜೆ. ಇವರಿಗೆ ಗೊತ್ತಿದೆಯಾ?"

"ಮೊಹರು ಒತ್ತಿದ್ದಾರೆ ಸ್ವಾಮಿ."

"ಪುರಸಭೆ ಮೊಹರು ಒತ್ತಿದ ಮೇಲೆ ಬುದ್ಧನೂ ತಿದ್ದೋ ಹಾಗಿಲ್ಲ," ಎಂದು ಹೇಳಿ ಹೋದರು.

ಮೊದಲು ತಮ್ಮನ ಪೂಜೆ. ಆಮೇಲೆ ಬೊಂಬೆಯದು. ಸ್ವಾಮಿಗಳು ಹಳೆಯ ಭಾಷೆಯಲ್ಲಿ ಗಟ್ಟಿಯಾಗಿ, ಈ ರೂಪದಲ್ಲಿ ತೆರೆದಿದ್ದ ಕಣ್ಣು ಇಂದು ಮುಚ್ಚಲಿ, ನೆಲೆಸಿದ್ದ ಜೀವ ಹೊರಡಲಿ ಎಂದು ಮೂರು ಸಲ ಹೇಳಿ ಗಂಟೆ ಬಾರಿಸಿದರು. ಅಧ್ಯಕ್ಷರು, ತ್ಸುರುಮಾಕಿ, ಔಷಧಿ ಕಂಪನಿಯ ಪ್ರತಿನಿಧಿ, ಟೀವಿಯವರು ಎಲ್ಲರೂ ಭಕ್ತಿಯಿಂದ ತಲೆ ಬಾಗಿಸಿದರು. ಮಂತ್ರ ಅರ್ಥವಾದರೆ ನಮ್ಮ ಜನಕ್ಕೆ ಅಷ್ಟು ಭಕ್ತಿ ಬರುವುದಿಲ್ಲ.

ಚಹ ಬಂತು. ಅಧ್ಯಕ್ಷರು ಖುಷಿಯಾಗಿದ್ದರು.

"ಸ್ವಾಮಿ, ಒಳ್ಳೇದಾಯ್ತು. ಇವತ್ತಿಂದ ನಮ್ಮ ಓಮಿನೆ ಕಣ್ಣುಬಿಟ್ಟು ಊರಿಗೆ ಜನ ಕರೀತಾಳೆ."

"ಕಣ್ಣುಬಿಟ್ಟು?" ಎಂದರು ಸ್ವಾಮಿಗಳು. "ಈಗ ತಾನೇ ಮುಚ್ಚಿಸಿದ್ನಲ್ಲ, ನೀವೇ ಅರ್ಜಿ ಹಾಕಿದ್ದು. ಆ ಜೀವ ಹೊರಟಾಯ್ತು."

ಅಧ್ಯಕ್ಷರ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. ಬೊಂಬೆಯೊಳಗಿಂದ ಒಂದು ಕೂಗು ಬಂತು.

"ನಾನು ಒಳಗಿದ್ದೆ ಸ್ವಾಮೀ! ನನ್ನ ಗತಿ ಏನು?"

"ನೀನು ಬೊಂಬೆ ಅಲ್ಲ ತಾನೇ?"

"ಅಲ್ಲ! ಪುರಸಭೆ ನೌಕರ!"

"ಹಾಗಿದ್ರೆ ಬಹುಶಃ ಏನೂ ಆಗಲ್ಲ."

ಆ "ಬಹುಶಃ" ಸಾಕಾಯಿತು. ನಿಶಿಮೊರಿ ಬೊಂಬೆಯ ತಲೆ ಕಿತ್ತು ಎಸೆದು, ಜಗಲಿಗೆ ಓಡಿ, ಸಾವಿನ ಸೂತಕ ಕಳೆಯುವ ಉಪ್ಪನ್ನು ಮೈಮೇಲೆ ಚೆಲ್ಲಿಕೊಂಡ. ಅಧ್ಯಕ್ಷರು ಆ ವೇಷವನ್ನು ಇನ್ನೊಬ್ಬನಿಗೆ ತೊಡಿಸಲು ನೋಡಿದರು. ಇಡೀ ಪುರಸಭೆಗೆ ಒಮ್ಮೆಲೇ ಸೊಂಟನೋವು ಬಂತು.

ತ್ಸುರುಮಾಕಿಯ ಮುಖ ಬೂದಿಯಾಗಿತ್ತು. "ಸ್ವಾಮಿ, ಪುಟದ ಕಣ್ಣೂ ಮುಚ್ಚಿದ ಹಾಗಾಯ್ತಾ? ಈಗ ಅದನ್ನ ತೆರೆದಿರೋ ಹಾಗೆ ಬರೆದ್ರೆ?"

"ಮುಚ್ಚಿದ್ದನ್ನ ತೆರೆದ್ರೆ ಏನಾಗುತ್ತೆ ಅಂತ ನಮ್ಮ ಗ್ರಂಥದಲ್ಲಿಲ್ಲ. ಇಷ್ಟು ವರ್ಷ ಯಾರೂ ಮಾಡಿಲ್ಲ. ನೀವು ಮಾಡಿ ನೋಡಿ ಹೇಳಿ, ಬರೆದಿಡ್ತೀನಿ."

ಗಂಟೆ ಒಂದೂವರೆ. ತ್ಸುರುಮಾಕಿ ಜಗಲಿಯಲ್ಲಿ ಫೋನು ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದ. ನಾನು ಬಾಗಿಲಲ್ಲಿ ಕುಳಿತು ಕೇಳುತ್ತಿದ್ದೆ. ಮೊದಲು ಮುಖ್ಯ ಸಂಪಾದಕರಿಗೆ ಮಾಡಿದ. ಅವರು ಮೂವತ್ತು ವರ್ಷ ಶಾಪದ ಕಥೆಗಳನ್ನು ಮಾರಿ ಮನೆ ಕಟ್ಟಿಸಿದವರು. ಇದು ನಿರ್ದೇಶಕರ ತೀರ್ಮಾನ ಎಂದರಂತೆ. ನಿರ್ದೇಶಕರು ಇದು ಕಾನೂನು ವಿಭಾಗದ ವಿಷಯ ಎಂದರಂತೆ. ಕಾನೂನು ವಿಭಾಗದವರು ಶಾಪದ ಬಗ್ಗೆ ಕಾನೂನಿಲ್ಲ, ಆದರೆ ತಮ್ಮ ಹೆಸರನ್ನು ಎಲ್ಲಿಯೂ ಬರೆಯಬೇಡಿ ಎಂದರಂತೆ. ಎರಡೂವರೆ ಆಯಿತು.

"ಮಶಿನ್ ಏನನ್ನುತ್ತಪ್ಪ?" ಎಂದು ಕೇಳಿದೆ.

"ಮಶಿನ್‌ಗೇನೂ ಭಯ ಇಲ್ಲ ಅಕ್ಕಾವ್ರೇ. ಗುಂಡಿ ಒತ್ತೋಕೆ ಯಾರೂ ಒಪ್ತಿಲ್ಲ. ಒಬ್ಬ ಆಗಲೇ ಮನೆಗೆ ಹೋದ."

"ನೀನು ಒತ್ತಬಹುದಲ್ಲ?"

"ನಂಗೆ ಇಬ್ಬರು ಮಕ್ಕಳಿದ್ದಾರೆ!" ಎಂದು ಅವನು ಜಗಲಿಯ ಮೇಲೆ ಕುಸಿದು ಕುಳಿತ. "ಕಣ್ಣಿಲ್ಲದೆ ಅಚ್ಚು ಹಾಕೋ ಹಾಗಿಲ್ಲ. ತೆರೆದು ಹಾಕೋ ಹಾಗಿಲ್ಲ. ಮುಚ್ಚಿ ಬರೆಯೋರು ಸತ್ತುಹೋದ್ರು. ಏನ್ ಮಾಡ್ಲಿ ಅಕ್ಕಾವ್ರೇ?"

ನಾನು ಎದ್ದು ಒಳಗೆ ಹೋದೆ. ತಮ್ಮನ ಹಲಗೆಗೆ ಕೈ ಮುಗಿದು ಆ ಪುಟವನ್ನು ತಗ್ಗು ಮೇಜಿಗೆ ತಂದುಕೊಂಡೆ. ಕೈ ತೊಳೆದುಕೊಂಡೆ. ಶಾಯಿಯಲ್ಲಿ ಲೇಖನಿ ಅದ್ದಿದೆ. ಕಣ್ಣು ಎಂದುಕೊಂಡರೆ ಬರೆಯಲಾಗುವುದಿಲ್ಲ ಎನಿಸಿತು. ಕೂದಲು ಎಂದುಕೊಂಡೆ. ಒಂದು ನಾಮ ಹೇಳಿ ಒಂದು ಗೆರೆ, ಇನ್ನೊಂದು ನಾಮ ಹೇಳಿ ಇನ್ನೊಂದು ಗೆರೆ. ಎಡಗಣ್ಣಿನ ಗೆರೆ ಸ್ವಲ್ಪ ಕೆಳಗಾಯಿತು. ತಮ್ಮ ಇದ್ದಿದ್ದರೆ, "ಅಕ್ಕ, ಸೊಟ್ಟ," ಎನ್ನುತ್ತಿದ್ದ. ಆದರೆ ಅವಳು ನಿದ್ದೆ ಹೋಗಿದ್ದಳು. ನೋಡಿದವರಿಗೆಲ್ಲ ಅದು ಕಾಣಿಸಿತು. ಟೀವಿಯ ಹುಡುಗಿ ಕೂಡ ಮಾತು ನಿಲ್ಲಿಸಿದಳು. ತ್ಸುರುಮಾಕಿ ಪುಟದ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದ. ಮೂರಕ್ಕೆ ಐದು ನಿಮಿಷವಿದ್ದಾಗ ಪುಟ ತೋಕಿಯೋ ಸೇರಿತು.

ಸಂಚಿಕೆ ಹಾಗೆಯೇ ಬಂತು. ಎರಡನೆಯ ಭಾಗದ ಮಾತನ್ನು ಈಗ ಯಾರೂ ಎತ್ತುವುದಿಲ್ಲ. ಔಷಧಿ ಕಂಪನಿಯವರಿಗೆ ಒಂದು ವಾರ ಕಷ್ಟವಾಯಿತು. ಆಮೇಲೆ ಅವರೂ ಹೊಸ ಹಾಳೆ ಅಂಟಿಸಿದರು. ಅದರಲ್ಲಿ ಓಮಿನೆ ಮಲಗಿದ್ದಾಳೆ, ಕೆಳಗೆ "ಔಷಧಿ ಬಿಟ್ಟ ಮೇಲೆ ಕಣ್ಣು ಮುಚ್ಚಿಕೊಳ್ಳಿ" ಎಂದಿದೆ. ವ್ಯಾಪಾರ ಹೆಚ್ಚಿದೆಯಂತೆ. ಪುರಸಭೆಯ ಬೊಂಬೆ ಮಠದ ಉಗ್ರಾಣದಲ್ಲಿದೆ, ಸುಡಲು ಬೇಕಾದ ಮೊಹರು ಇನ್ನೂ ಬಂದಿಲ್ಲ.

ಅಮಿದ ಬುದ್ಧನೇ, ನಾನು ಬಾಯಿಬಿಡದೆ ನಾಲ್ಕು ಜನರನ್ನು ದಾರಿತಪ್ಪಿಸಿದೆ. ಅದರ ಲೆಕ್ಕ ನನ್ನ ಮೇಲಿರಲಿ, ಅವನ ಮೇಲೆ ಬೇಡ. ಅವನು ಮಕ್ಕಳನ್ನು ಹೆದರಿಸಿದ್ದು ನಿಜ. ಯಾರನ್ನೂ ನೋಯಿಸಲಿಲ್ಲ. ತಾನು ಬರೆದ ದೆವ್ವಕ್ಕೂ ಮುಕ್ತಿ ಸಿಗಲಿ ಎಂದು ಇಪ್ಪತ್ತು ವರ್ಷ ಬೇಡಿದವನು. ಅವನ ಕೈ ಬಹಳ ದುಡಿದಿದೆ, ಅದಕ್ಕೆ ವಿಶ್ರಾಂತಿ ಕೊಡು. ನನ್ನ ತಮ್ಮ ಸೋಹೆಯ್‌ನನ್ನು ನಿನ್ನ ಪಶ್ಚಿಮದ ಪುಣ್ಯನಾಡಿನಲ್ಲಿ, ತಾವರೆಗಳ ನಡುವೆ, ಬಳಿಗೆ ಕರೆದುಕೋ. ಅವನಿಗೆ ಶಾಂತಿ ಸಿಗಲಿ. ನಮು ಅಮಿದ ಬುತ್ಸು.